ಬಾಲದ ಮೇಲಿನ ಗುರುತು

ಮಕ್ಕಳು ಏನನ್ನು ಕೂಡಿಡುತ್ತಾರೆ ಎಂದು ಹೇಳಬರುವುದಿಲ್ಲ. ಬೆಂಕಿಪೊಟ್ಟಣದ ಚಿತ್ರ, ಅಂಚೆಚೀಟಿ, ಬಸ್ ಟಿಕೆಟ್, ನವಿಲುಗರಿ ಇವೆಲ್ಲವನ್ನೂ ನನ್ನ ತರಗತಿಯ ಮಕ್ಕಳ ಚೀಲಗಳಲ್ಲಿ ಕಂಡಿದ್ದೇನೆ. ಆದರೆ ವಿಮಾನದ ಬಾಲಗಳನ್ನು ಕೂಡಿಡುವವನನ್ನು ಕಂಡದ್ದು ಒಬ್ಬನನ್ನೇ. ಅವನು ಗಣಿ ಕಾರ್ಮಿಕರ ಮನೆಯ ಹುಡುಗ. ಇನ್ನೂರು ಪುಟದ ನೋಟ್‌ಪುಸ್ತಕದಲ್ಲಿ ಬಾಲದ ಚಿತ್ರಗಳನ್ನು ಅಂಟಿಸಿ, ಕೆಳಗೆ ಕಂಪನಿಯ ಹೆಸರು, ಊರು, ತಾರೀಖು ಬರೆದಿದ್ದ. "ಬಾಲವೇ ಯಾಕೋ?" ಎಂದರೆ, "ಹೆಸರು ಇರೋದೇ ಅಲ್ಲಿ, ಮಿಸ್" ಎಂದ.

ನಮ್ಮ ಕೋರಮಂಡಲ್‌ನ ಆಕಾಶದಲ್ಲಿ ವಿಮಾನ ಎಂದರೆ ಒಂದು ಬಿಳಿ ಗೆರೆ ಅಷ್ಟೆ. ಬಾಲ ಕಾಣುವ ಮಾತೇ ಇಲ್ಲ. ಇಂಗ್ಲಿಷ್ ಪತ್ರಿಕೆಗಳ ಜಾಹೀರಾತು, ಕೊಲ್ಲಿ ದೇಶದಿಂದ ಬಂದವರ ಪೆಟ್ಟಿಗೆಗೆ ಕಟ್ಟಿದ್ದ ಚೀಟಿ, ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಆಂಗ್ಲೋ ಇಂಡಿಯನ್ ಮನೆಯವರು ಕಳಿಸಿದ ಕಾರ್ಡು, ಇವೇ ಅವನ ಬಂಡವಾಳ. ಮುಂದೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ, ಮಾರಿಕುಪ್ಪದಿಂದ ಹೊರಡುವ ರೈಲಿನಲ್ಲಿ ದಿನವೂ ಓಡಾಡತೊಡಗಿದ ಮೇಲೆ ಒಂದು ಕ್ಯಾಮೆರಾ ಕೊಂಡ. ರಜೆಯ ದಿನ ಎಚ್‌ಎಎಲ್ ವಿಮಾನ ನಿಲ್ದಾಣದ ಹೊರಗಿನ ರಸ್ತೆಯಲ್ಲಿ ನಿಂತು, ಇಳಿಯುವ ವಿಮಾನಗಳ ಚಿತ್ರ ತೆಗೆಯುತ್ತಿದ್ದ. ನಿಲ್ದಾಣದ ಒಳಗೆ ಹಾಗೆ ಮಾಡುವಂತಿರಲಿಲ್ಲ. ಅನುಮತಿಯಿಲ್ಲದೆ ಅಲ್ಲಿ ಚಿತ್ರ ತೆಗೆಯಕೂಡದೆಂದು 1937ರ ನಿಯಮಗಳಲ್ಲೇ ಇದೆ. ಪ್ರಪಂಚದಾದ್ಯಂತ ಇಂಥ ಹವ್ಯಾಸದವರು ಬೇಕಾದಷ್ಟು ಜನ ಇದ್ದಾರೆ ಎಂಬುದು ನನಗೆ ಆಮೇಲೆ ತಿಳಿಯಿತು.

ಆ ಪುಸ್ತಕ ತಿರುವಿ ಹಾಕಿದಾಗ ಅದು ಬರೀ ಚಿತ್ರಗಳ ಪುಸ್ತಕವಾಗಿರಲಿಲ್ಲ, ಇತಿಹಾಸದ ಪುಸ್ತಕವಾಗಿತ್ತು. ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ ಕಾಂಗರೂವನ್ನೇ ನೋಡಿ. ಅದು 1944ರಲ್ಲಿ ಅಲ್ಲಿನ ಒಂದು ಪೆನ್ನಿ ನಾಣ್ಯದಿಂದ ಎದ್ದುಬಂದು ವಿಮಾನ ಹತ್ತಿದ್ದು. ಜರ್ಮನಿಯ ಲುಫ್ತಾನ್ಸಾ ವಿಮಾನದ ಕೊಕ್ಕರೆಯಂಥ ಹಕ್ಕಿಯನ್ನು ಆಟೊ ಫಿರ್ಲೆ ಎಂಬವರು 1918ರಲ್ಲಿ ಬರೆದದ್ದು ಬೇರೊಂದು ಕಂಪನಿಗಾಗಿ. ಆ ಕಂಪನಿ ಹೋಯಿತು, ಹಕ್ಕಿ ಉಳಿಯಿತು.

ನಮ್ಮ ದೇಶದ ಕಥೆ ಇನ್ನೂ ಸ್ವಾರಸ್ಯದ್ದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಟ್ಟ ವಿಮಾನವೊಂದರಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ಆ ಅಂಚೆ ನಮ್ಮ ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಹೋಯಿತು. ಆ ಸಂಸ್ಥೆಯೇ 1946ರಲ್ಲಿ ಏರ್ ಇಂಡಿಯಾ ಆಯಿತು. 1948ರಲ್ಲಿ ಲಂಡನ್ನಿಗೆ ಹಾರತೊಡಗಿದಾಗ ಅದು ಆರಿಸಿಕೊಂಡ ಗುರುತು ಧನು ರಾಶಿಯದು, ಅರ್ಧ ಕುದುರೆ ಅರ್ಧ ಮನುಷ್ಯನಾದ ಬಿಲ್ಲುಗಾರ. ಪಂಚಾಂಗ ನೋಡದ ಮನೆಯಲ್ಲೂ ರಾಶಿ ಗೊತ್ತಿರುತ್ತದಲ್ಲ! ಸುಮಾರು ಅರವತ್ತು ವರ್ಷ ಹಾರಾಡಿದ ಆ ಬಿಲ್ಲುಗಾರ 2007ರಲ್ಲಿ ಮರೆಯಾದ. ಅವನ ಜಾಗಕ್ಕೆ ಕೋನಾರ್ಕದ ಚಕ್ರವನ್ನು ಒಡಲಲ್ಲಿಟ್ಟುಕೊಂಡ ಕೆಂಪು ಹಂಸ ಬಂತು. 2022ರಲ್ಲಿ ಸಂಸ್ಥೆ ಮತ್ತೆ ಟಾಟಾ ಅವರ ಕೈಸೇರಿತು, 2023ರಲ್ಲಿ ಹಂಸಕ್ಕೂ ವಿದಾಯ ಹೇಳಿದರು.

1953ರಲ್ಲಿ ಸರ್ಕಾರ ಎಂಟು ವಿಮಾನ ಸಂಸ್ಥೆಗಳ ಒಳನಾಡಿನ ಹಾರಾಟವನ್ನು ಒಂದುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿತು. ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಕೂಡ ಅದರಲ್ಲಿತ್ತು. ಕೂಡುಕುಟುಂಬಕ್ಕೆ ಬಂದ ಸೊಸೆಯರು ತವರಿನ ಹೆಸರು ಬಿಟ್ಟಂತೆ ಆ ಸಂಸ್ಥೆಗಳೆಲ್ಲ ತಮ್ಮ ಗುರುತು ಬಿಟ್ಟವು. ಕಿತ್ತಳೆ ಬಣ್ಣದ ಬಾಲದ ಮೇಲೆ ಬಿಳಿಯ ಎರಡು ಅಕ್ಷರಗಳನ್ನು ಬೆಸೆದ ಇಂಡಿಯನ್ ಏರ್‌ಲೈನ್ಸಿನ ಚಿಹ್ನೆ ಸಿದ್ಧವಾದದ್ದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ. ಅದೂ ಈಗ ಇಲ್ಲ.

1990ರ ದಶಕದಲ್ಲಿ ಖಾಸಗಿಯವರಿಗೆ ಬಾಗಿಲು ತೆರೆಯಿತು. ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ಟ್, ಸಹಾರಾ, ಜೆಟ್ ಎಂದು ಹುಡುಗನ ಪುಸ್ತಕ ತುಂಬತೊಡಗಿತು. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಅವರ 'ಸಾಮಾನ್ಯ ಮನುಷ್ಯ', ಅದೇ ಚೌಕಳಿ ಕೋಟು ತೊಟ್ಟವನು, ಅದರ ಪ್ರತಿನಿಧಿಯಾದ. 2005ರಲ್ಲಿ ಮಿಂಚುಳ್ಳಿಯ ಚಿತ್ರ ಹೊತ್ತ ಕಿಂಗ್‌ಫಿಷರ್ ಬಂತು. 2008ರಲ್ಲಿ ಡೆಕ್ಕನ್ ಅದರೊಳಗೆ ಕರಗಿತು. 2012ರಲ್ಲಿ ಮಿಂಚುಳ್ಳಿಯೂ ನೆಲಕ್ಕಿಳಿಯಿತು. 2019ರಲ್ಲಿ ಜೆಟ್ ನಿಂತಿತು. ಅವನು ಚಿತ್ರ ತೆಗೆಯುತ್ತಿದ್ದ ಎಚ್‌ಎಎಲ್ ನಿಲ್ದಾಣದಿಂದ ನಾಗರಿಕ ವಿಮಾನಗಳು 2008ರ ಮೇ ತಿಂಗಳಲ್ಲೇ ದೇವನಹಳ್ಳಿಗೆ ಹೋಗಿದ್ದವು.

ಕಂಪನಿ ಮುಚ್ಚಿದರೆ ವಿಮಾನವನ್ನು ಗುಜರಿಗೆ ಹಾಕುವುದಿಲ್ಲ. ಎಷ್ಟೋ ವಿಮಾನಗಳು ಬಾಡಿಗೆಗೆ ತಂದವು. ಅವುಗಳ ಬಾಲದ ಬಣ್ಣ ತೆಗೆದು, ಬಿಳಿ ಬಳಿದು, ಇನ್ನೊಬ್ಬರಿಗೆ ಕೊಡುತ್ತಾರೆ. ಒಂದು ಮನೆತನದ ಗುರುತು ಅಳಿಸಲು ಕೆಲವು ಡಬ್ಬ ಬಣ್ಣ ಸಾಕು. ಆಗ ಆ ಬಾಲ ಉಳಿಯುವುದು ರಸ್ತೆಯಲ್ಲಿ ನಿಂತು ಚಿತ್ರ ತೆಗೆದವನ ಬಳಿ ಮಾತ್ರ.

ಬಾಲದ ಮೇಲೆ ಏನು ಬರೆಯಬೇಕೆಂಬುದಕ್ಕೂ ಜಗಳಗಳಾಗಿವೆ. 1997ರಲ್ಲಿ ಬ್ರಿಟಿಷ್ ಏರ್‌ವೇಸ್ ತನ್ನ ಬಾಲಗಳ ಮೇಲೆ ನಾನಾ ದೇಶಗಳ ಕಲೆಯನ್ನು ಬಿಡಿಸಿತು. ಮಾರ್ಗರೆಟ್ ಥ್ಯಾಚರ್ ಅವರಿಗೆ ಸಿಟ್ಟು ಬಂದು, ಪ್ರದರ್ಶನಕ್ಕಿಟ್ಟಿದ್ದ ವಿಮಾನದ ಮಾದರಿಯ ಬಾಲಕ್ಕೆ ಕರವಸ್ತ್ರ ಸುತ್ತಿಬಿಟ್ಟರಂತೆ! ಕೊನೆಗೆ ಕಂಪನಿ ತಮ್ಮ ದೇಶದ ಧ್ವಜಕ್ಕೇ ಮರಳಿತು. ನಮ್ಮ ಏರ್ ಇಂಡಿಯಾ ಎಕ್ಸ್‌ಪ್ರೆಸ್ 2023ರಿಂದ ಬಾಲಗಳ ಮೇಲೆ ಬಾಂಧನಿ, ಅಜರಖ್, ಪಟೋಲಾ, ಕಾಂಜೀವರಂ ವಿನ್ಯಾಸಗಳನ್ನು ಬಿಡಿಸುತ್ತಿದೆ. ಇದಕ್ಕೆ ಯಾರೂ ಕರವಸ್ತ್ರ ಸುತ್ತಲಿಲ್ಲ. ಅಂಚು ನೋಡಿ ಸೀರೆಯ ಊರು ಹೇಳುವ ನಮಗೆ ಈ ಬಾಲಗಳ ಗುರುತು ಹಿಡಿಯುವುದು ಕಷ್ಟವಲ್ಲ.

ವಿಮಾನವನ್ನೇ ಹತ್ತದವಳಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ನಮ್ಮೂರು ಕೂಡ ಒಂದು ಕಂಪನಿಯ ಊರು. 1880ರಲ್ಲಿ ಜಾನ್ ಟೇಲರ್ ಮತ್ತು ಸನ್ಸ್ ಬಂದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ ಸೇರಿ, ಆಮೇಲೆ ಕೇಂದ್ರದ ಕೈಗೆ ಹೋದವು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಚಿನ್ನ ತೆಗೆದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮೂರು ತಲೆಮಾರು ಆ ಕೆಲಸದಲ್ಲೇ ಬದುಕಿದ ಮನೆಗಳು ನಮ್ಮ ಬೀದಿಯಲ್ಲಿದ್ದವು. ಬೆಳಗಾದರೆ ಕೆಲಸವಿಲ್ಲ. ಗಂಡಸರು ಬೆಂಗಳೂರಿನ ರೈಲು ಹತ್ತಿದರು, ಹೆಂಗಸರೂ ಹತ್ತಿದರು. ಮನೆಯಲ್ಲಿ ಉಳಿದದ್ದು ಗಣಿಗೆ ಇಳಿಯುವಾಗ ಹಾಕುತ್ತಿದ್ದ ಟೋಪಿ, ಒಂದು ಗುರುತಿನ ಬಿಲ್ಲೆ, ಸಂಬಳದ ಚೀಟಿ. ಎಷ್ಟೋ ಮನೆಗಳಲ್ಲಿ ಅವೂ ಹಳೇ ಸಾಮಾನಿನವನ ಗಾಡಿ ಸೇರಿದವು.

ಗುರುತು ಯಾರದೋ ಅವರೇ ಅದನ್ನು ಕಾಪಾಡುತ್ತಾರೆಂದು ನಾವು ನಂಬಿರುತ್ತೇವೆ. ವಿಮಾನದ ಬಾಲಗಳ ಕಥೆ ಹಾಗೆ ಹೇಳುವುದಿಲ್ಲ. ಮಾಲೀಕರು ಬದಲಾಗುತ್ತಾರೆ, ಬಣ್ಣ ಬದಲಾಗುತ್ತದೆ. ಉಳಿಸುವವರು ಸಂಬಂಧವೇ ಇಲ್ಲದವರು, ನೋಡಿ ಮೆಚ್ಚಿದವರು. ಆ ಹುಡುಗನ ಪುಸ್ತಕಕ್ಕೆ ಬೆಲೆ ಬಂದದ್ದು ಚಿತ್ರದಿಂದಲ್ಲ, ಕೆಳಗೆ ಬರೆದ ಊರು ಮತ್ತು ತಾರೀಖಿನಿಂದ. ನಮ್ಮ ಮನೆಯ ಪೆಟ್ಟಿಗೆಗಳಲ್ಲಿ ಯಾರು, ಎಲ್ಲಿ, ಯಾವಾಗ ಎಂದು ಬರೆಯದ ಫೋಟೋಗಳು ಎಷ್ಟಿವೆ! ಹೇಳುವ ಅತ್ತೆಯೋ ಅಜ್ಜಿಯೋ ಇನ್ನೂ ಇರುವಾಗಲೇ ಒಂದು ಮಧ್ಯಾಹ್ನ ಕುಳಿತು, ಮೆತ್ತನೆಯ ಪೆನ್ಸಿಲಿನಲ್ಲಿ ಪ್ರತಿಯೊಂದರ ಹಿಂದೆ ಎರಡು ಸಾಲು ಬರೆದಿಡಿ.