ವಾಲ್ವ್ ರೇಡಿಯೊ: ಮೇಲಿನ ಬ್ಯಾಂಡ್‌ಗಳಲ್ಲಿ ಅದು ಮೌನವಾಗುವುದೇಕೆ?

ಹಳೆಯ ವಾಲ್ವ್ ರೇಡಿಯೊಗಳ ಗಾಜಿನ ಡಯಲ್ ಮೇಲೆ 49, 41, 31, 25, 19, 16, 13 ಮೀಟರ್ ಎಂಬ ಗುರುತುಗಳಿರುವುದುಂಟು. ರಾತ್ರಿ 41 ಮೀಟರ್‌ನಲ್ಲಿ ಸ್ಪಷ್ಟವಾಗಿ ಉಲಿಯುವ ಸೆಟ್ಟು, 16 ಅಥವಾ 13 ಮೀಟರ್‌ಗೆ ತಿರುಗಿಸಿದೊಡನೆ ಮೌನ ತಾಳಬಹುದು. ಕೆಟ್ಟಿದೆಯೆಂದು ಅದನ್ನು ಗುಜರಿಗೆ ಹಾಕುವ ಮುನ್ನ ಕಾರಣವನ್ನು ಅರಿಯುವುದು ಒಳಿತು.

ಶಾರ್ಟ್‌ವೇವ್ ಎಂದು ಕರೆಯಲಾಗುವ ಹ್ರಸ್ವ ತರಂಗಗಳ ವ್ಯಾಪ್ತಿ 3ರಿಂದ 30 ಮೆಗಾಹರ್ಟ್ಸ್. ಮೀಟರ್ ಇಳಿದಂತೆ ಕಂಪನಾಂಕ ಏರುತ್ತದೆ. 49 ಮೀಟರ್ ಬ್ಯಾಂಡ್ ಸುಮಾರು 6 ಮೆಗಾಹರ್ಟ್ಸ್‌ನಲ್ಲಿದ್ದರೆ, 13 ಮೀಟರ್ ಬ್ಯಾಂಡ್ ಸುಮಾರು 21.5 ಮೆಗಾಹರ್ಟ್ಸ್‌ನಲ್ಲಿದೆ.

ಬಹುತೇಕ ಮನೆ ರೇಡಿಯೊಗಳು ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ ಸೂಪರ್‌ಹೆಟೆರೊಡೈನ್ ತತ್ವವನ್ನು ಅನುಸರಿಸುತ್ತವೆ. ಸೆಟ್ಟಿನೊಳಗಿನ ಆಂದೋಲಕವು ನಿಲಯದ ಸಂಕೇತವನ್ನು ಸುಮಾರು 455 ಕಿಲೋಹರ್ಟ್ಸ್‌ಗೆ ಇಳಿಸುತ್ತದೆ. ತೊಡಕಿರುವುದು ಇಲ್ಲಿಯೇ. ಬೇಕಾದ ನಿಲಯಕ್ಕಿಂತ 910 ಕಿಲೋಹರ್ಟ್ಸ್ ಮೇಲಿರುವ ಮತ್ತೊಂದು ನಿಲಯವೂ ಅದೇ 455ಕ್ಕೆ ಇಳಿದು ಒಳನುಸುಳುತ್ತದೆ. 6 ಮೆಗಾಹರ್ಟ್ಸ್‌ನಲ್ಲಿ ಈ ಅಂತರ ಶೇ 15ರಷ್ಟಾದ್ದರಿಂದ ಸೆಟ್ಟು ಅದನ್ನು ತಕ್ಕಮಟ್ಟಿಗೆ ತಡೆಯುತ್ತದೆ. 21.5ರಲ್ಲಿ ಅಂತರ ಕೇವಲ ಶೇ 4, ತಡೆ ದುರ್ಬಲ. ಆದ್ದರಿಂದಲೇ 17.80ರ ಪ್ರಬಲ ನಿಲಯವೊಂದು ಡಯಲ್‌ನ 16.89ರಲ್ಲಿಯೂ ಕೇಳಿಬರುತ್ತದೆ.

ಇನ್ನೊಂದು ದೋಷ ಜಾರುವಿಕೆ. ಸೆಟ್ಟು ಬಿಸಿಯೇರುವಾಗ ಆಂದೋಲಕ ಶೇ 0.1ರಷ್ಟು ಸರಿದರೂ 6 ಮೆಗಾಹರ್ಟ್ಸ್‌ನಲ್ಲಿ 6 ಕಿಲೋಹರ್ಟ್ಸ್, 21ರಲ್ಲಿ 21 ಕಿಲೋಹರ್ಟ್ಸ್ ವ್ಯತ್ಯಾಸವಾಗುತ್ತದೆ, ನಿಲಯ ಕೈತಪ್ಪುತ್ತದೆ. ವಾಲ್ವ್ ಸವೆದಾಗಲೂ ಆಂದೋಲಕ ಮೊದಲು ನಿಲ್ಲುವುದು ಮೇಲಿನ ಬ್ಯಾಂಡ್‌ಗಳಲ್ಲೇ.

ಹಾಗೆಂದು ಇದು ವಾಲ್ವ್‌ನ ಮಿತಿಯಲ್ಲ. 1935ರ ಅಮೆರಿಕದ ನ್ಯಾಷನಲ್ ಎಚ್‌ಆರ್‌ಒ ಗ್ರಾಹಕದಲ್ಲಿ ಸಂಕೇತವನ್ನು ಮೊದಲೇ ಶೋಧಿಸಿ ವರ್ಧಿಸುವ ಎರಡು ಹಂತಗಳಿದ್ದವು. ಸೇನೆಗಾಗಿ ತಯಾರಾದ ಕಾಲಿನ್ಸ್ ಆರ್-390ಎ, ವಾಲ್ವ್‌ಗಳಿಂದಲೇ 32 ಮೆಗಾಹರ್ಟ್ಸ್‌ವರೆಗೆ ನಿಖರವಾಗಿ ಗ್ರಹಿಸುತ್ತಿತ್ತು. ಮನೆಯ ಸೆಟ್ಟುಗಳಲ್ಲಿ ಬೆಲೆ ತಗ್ಗಿಸಲು ಇಂತಹ ಹಂತಗಳನ್ನು ಸಾಮಾನ್ಯವಾಗಿ ಕೈಬಿಡಲಾಗುತ್ತಿತ್ತು.

ಆಕಾಶದ ಪಾತ್ರವೂ ಇದೆ. 16 ಮತ್ತು 13 ಮೀಟರ್ ಬ್ಯಾಂಡ್‌ಗಳು ಮುಖ್ಯವಾಗಿ ಹಗಲಿನವು. ಸುಮಾರು 11 ವರ್ಷಗಳ ಸೌರಚಕ್ರದಲ್ಲಿ ಸೂರ್ಯಕಲೆಗಳು ಹೆಚ್ಚಿದಾಗ ಅವು ಚೆನ್ನಾಗಿ ತೆರೆದುಕೊಳ್ಳುತ್ತವೆ. ಜೊತೆಗೆ ನಿಲಯಗಳೂ ವಿರಳವಾಗಿವೆ. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿಯಲ್ಲಿ ನಿಂತಿತು. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್‌ಗಳ ಗದ್ದಲ ಉಳಿದ ಕ್ಷೀಣ ಸಂಕೇತಗಳನ್ನೂ ಮುಚ್ಚಿಹಾಕುತ್ತದೆ.

ಸೆಟ್ಟನ್ನು ಪರೀಕ್ಷಿಸುವುದಾದರೆ ಹಗಲಿನಲ್ಲಿ, ಮನೆಯ ಹೊರಗೆ ಸುಮಾರು 10 ಮೀಟರ್ ತಂತಿಯ ಏರಿಯಲ್ ಕಟ್ಟಿ, ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಆಲಿಸಬೇಕು. ಆದರೆ ಬಹುಕಾಲ ಮೂಲೆ ಸೇರಿದ್ದ ಸೆಟ್ಟನ್ನು ನೇರವಾಗಿ ವಿದ್ಯುತ್ತಿಗೆ ಜೋಡಿಸಲಾಗದು. ಹಳೆಯ ಕೆಪಾಸಿಟರ್‌ಗಳು ಸೋರಿ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಒಳಗೆ 200 ವೋಲ್ಟ್‌ಗೂ ಮಿಕ್ಕ ವಿದ್ಯುತ್ತಿರುತ್ತದೆ. ಎಸಿ-ಡಿಸಿ ಮಾದರಿಗಳಲ್ಲಿ ಲೋಹದ ಚೌಕಟ್ಟಿಗೇ ಮನೆಯ ವಿದ್ಯುತ್ ಹರಿಯಬಹುದು. ಆದ್ದರಿಂದ ಮೊದಲು ಬಲ್ಲ ತಂತ್ರಜ್ಞರಿಗೆ ತೋರಿಸಬೇಕು, ಆಲಿಸುವುದು ಆನಂತರ.