ವೈರಸ್ ಅಲ್ಲದ ಪೀಡೆ

ಆಡ್‌ವೇರ್

ಬ್ರೌಸರ್ ತೆರೆದೊಡನೆ ಜಾಹೀರಾತುಗಳು ಮುಕುರಿಕೊಂಡರೆ ‘ಕಂಪ್ಯೂಟರಿಗೆ ವೈರಸ್ ಬಂದಿದೆ’ ಎನ್ನುವುದು ರೂಢಿ. ಹಲವು ಸಲ ಅದು ಆಡ್‌ವೇರ್ ಆಗಿರುತ್ತದೆ. ಎರಡರ ಕುಲವೇ ಬೇರೆ. ‘ವೈರಸ್’ ಲ್ಯಾಟಿನ್ನಿನಲ್ಲಿ ನಂಜು. ಸಂಸ್ಕೃತದ ‘ವಿಷ’ಕ್ಕೆ ದಾಯಾದಿ. ‘ವೇರ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಸರಕು. ಲೋಹದ ಸಾಮಾನಿಗಿದ್ದ ‘ಹಾರ್ಡ್‌ವೇರ್’ ಕಂಪ್ಯೂಟರಿಗೆ ಅಂಟಿ, ಅದಕ್ಕೆ ಜೋಡಿಯಾಗಿ ‘ಸಾಫ್ಟ್‌ವೇರ್’ ಹುಟ್ಟಿತು. ‘ಆಡ್’ ಅಡ್ವರ್ಟೈಸ್‌ಮೆಂಟಿನ ತುಂಡು; ಅದರ ಲ್ಯಾಟಿನ್ ಮೂಲಕ್ಕೆ ‘ಕಡೆಗೆ ತಿರುಗಿಸು’ ಎಂಬರ್ಥ. ನಮ್ಮ ಜಾಹೀರಾತಿನ ಬೇರು ಅರಬ್ಬಿಯ ‘ಜಾಹಿರ್’, ಎಂದರೆ ಬಯಲಾದದ್ದು. ಆಡ್‌ವೇರ್ ಮಾತ್ರ ಸಾಮಾನ್ಯವಾಗಿ ಬಯಲಾಗಿ ಬರುವ ಗಿರಾಕಿಯಲ್ಲ! ಮೊದಲು ಈ ಪದಕ್ಕೆ ಕಳಂಕವಿರಲಿಲ್ಲ. ಜಾಹೀರಾತು ತೋರಿಸಿ ಬಿಟ್ಟಿಯಾಗಿ ಕೊಡುವ ತಂತ್ರಾಂಶವೆಂದಷ್ಟೇ ಅರ್ಥ. ಒಪೆರಾ ಬ್ರೌಸರ್ 2005ರವರೆಗೆ ಹಾಗೆಯೇ ಸಿಗುತ್ತಿತ್ತು.

ಹೆಸರು ಯಾವುದಾದರೇನು, ತೊಲಗಿದರೆ ಸಾಕು ಎನ್ನಬಹುದು. ಆದರೆ ರೋಗದ ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ವೈರಸ್ ತನ್ನನ್ನು ತಾನೇ ನಕಲು ಮಾಡಿಕೊಂಡು ಹರಡುತ್ತದೆ. ಆಡ್‌ವೇರ್ ಸಾಮಾನ್ಯವಾಗಿ ಬಿಟ್ಟಿ ತಂತ್ರಾಂಶದ ಬಾಲ ಹಿಡಿದು, ನಾವು ಓದದೆ ಒತ್ತಿದ ‘ನೆಕ್ಸ್ಟ್’ ಗುಂಡಿಯಿಂದ ಒಳಬರುತ್ತದೆ. ಒಪ್ಪಿಗೆಯ ನೆಪವಿರುವುದರಿಂದ ಆಂಟಿವೈರಸ್ ಕೂಡ ಕೆಲವೊಮ್ಮೆ ಅದನ್ನು ‘ಬೇಡದಿರಬಹುದಾದ’ ತಂತ್ರಾಂಶವೆಂದಷ್ಟೇ ಗುರುತಿಸುತ್ತದೆ. ಆದ್ದರಿಂದ ಇಡೀ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಲು ಓಡುವ ಮುನ್ನ ಪ್ರೋಗ್ರಾಂಗಳ ಪಟ್ಟಿಯಲ್ಲಿ ಗುರುತಿಲ್ಲದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ, ಬ್ರೌಸರಿನ ಎಕ್ಸ್‌ಟೆನ್ಷನ್, ಹೋಂಪೇಜ್, ನೋಟಿಫಿಕೇಷನ್ ಅನುಮತಿಗಳನ್ನು ನೋಡಬೇಕು. ಕೇಡು ಮಾಡುವ ತಂತ್ರಾಂಶಕ್ಕೆ, ಎಂದರೆ ಮಾಲ್‌ವೇರಿಗೆ, ಪತ್ರಿಕೆಗಳು ಬಳಸುವ ‘ಕುತಂತ್ರಾಂಶ’ ಸೊಗಸಾದ ಪದ. ಕದ್ದು ನುಗ್ಗುವ ಆಡ್‌ವೇರಿಗೂ ಅದು ಸಲ್ಲುತ್ತದೆ. ಹೇಳಿ ಬರುವುದಕ್ಕೆ ಸಲ್ಲದು.