ಲಂಬಾಣಿ ಕಸೂತಿ

ಲಂಬಾಣಿ ಕಸೂತಿಯು ಲಂಬಾಣಿ (ಬಂಜಾರ) ಸಮುದಾಯದ ಮಹಿಳೆಯರು ಸೂಜಿ ಮತ್ತು ದಾರಗಳಿಂದ ಕೈಯಲ್ಲಿಯೇ ಮಾಡುವ ಹೊಲಿಗೆಯ ಕಲೆಯಾಗಿದೆ. ಬಣ್ಣದ ಎಳೆಗಳ ಹೊಲಿಗೆ, ಬಟ್ಟೆಯ ತುಂಡುಗಳ ಜೋಡಣೆ, ಹಲವು ಪದರಗಳನ್ನು ಒಂದಾಗಿ ಬಂಧಿಸುವ ಕೌದಿ ಹೊಲಿಗೆ, ಕನ್ನಡಿ ಚೂರು, ಕವಡೆ, ಮಣಿ ಹಾಗೂ ನಾಣ್ಯಗಳ ಅಳವಡಿಕೆ ಇವೆಲ್ಲವೂ ಇದರಲ್ಲಿ ಸೇರಿವೆ. ಎತ್ತುಗಳ ಮೇಲೆ ಸರಕು ಹೇರಿಕೊಂಡು ಊರಿಂದೂರಿಗೆ ಸಾಗುತ್ತಿದ್ದ ಜನರ ನಡುವೆ ಬೆಳೆದ ಈ ಕಲೆಯಲ್ಲಿ ಸಂಚಾರ ಜೀವನದ ಗುರುತುಗಳು ಸ್ಪಷ್ಟವಾಗಿ ಉಳಿದಿವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರು ಇದರ ಮುಖ್ಯ ಕೇಂದ್ರ. 'ಸಂಡೂರು ಲಂಬಾಣಿ ಕಸೂತಿ'ಗೆ 2010ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆಯಿತು.

ಸಮುದಾಯ ಮತ್ತು ಹೆಸರು

ಲಂಬಾಣಿಗರನ್ನು ಲಮಾಣಿ, ಲಂಬಾಡಿ, ಸುಗಾಲಿ, ಬಂಜಾರ ಎಂಬ ಹೆಸರುಗಳಿಂದಲೂ ಕರೆಯುತ್ತಾರೆ. 'ಲಂಬಾಣಿ' ಎಂಬ ಪದವು ಉಪ್ಪು ಎಂಬ ಅರ್ಥದ ಸಂಸ್ಕೃತದ 'ಲವಣ'ದಿಂದ ಬಂದಿತೆಂಬುದು ಪ್ರಚಲಿತವಾದ ವಿವರಣೆ. ಉಪ್ಪಿನ ಸಾಗಣೆಯು ಸಮುದಾಯದ ಮುಖ್ಯ ಕಸುಬುಗಳಲ್ಲಿ ಒಂದಾಗಿದ್ದುದು ಇದಕ್ಕೆ ಆಧಾರ. ಇವರು ಮನೆಯಲ್ಲಿ ಆಡುವ ನುಡಿ ಗೋರ್ ಬೋಲಿ. ಇದು ಇಂಡೋ-ಆರ್ಯನ್ ವರ್ಗಕ್ಕೆ ಸೇರಿದ್ದು, ಸ್ವಂತ ಲಿಪಿಯನ್ನು ಹೊಂದಿಲ್ಲ. ಕರ್ನಾಟಕದಲ್ಲಿ ಈ ಸಮುದಾಯವು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ.

'ಕಸೂತಿ' ಎಂಬ ಪದವನ್ನು ಕನ್ನಡದಲ್ಲಿ ಎಲ್ಲ ಬಗೆಯ ಸೂಜಿ ಕೆಲಸಕ್ಕೂ ಬಳಸುವುದುಂಟು. ಆದರೆ ಧಾರವಾಡ ಸೀಮೆಯ ಕಸೂತಿಗೂ ಲಂಬಾಣಿ ಕಸೂತಿಗೂ ವ್ಯತ್ಯಾಸವಿದೆ. ಧಾರವಾಡದ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ ಮತ್ತು ಮೆಂತೆ ಎಂಬ ನಾಲ್ಕು ಹೊಲಿಗೆಗಳಿಂದ ಇಳಕಲ್ ಸೀರೆಯಂತಹ ಒಂದೇ ಪದರದ ಬಟ್ಟೆಯ ಮೇಲೆ ಗೋಪುರ, ತೇರು, ಆನೆ, ತುಳಸಿ ಕಟ್ಟೆ ಮೊದಲಾದ ಚಿತ್ರಗಳನ್ನು ಮೂಡಿಸುತ್ತಾರೆ. ಲಂಬಾಣಿ ಕೆಲಸದಲ್ಲಿ ಚೌಕ, ತ್ರಿಕೋನ, ವಜ್ರಾಕೃತಿಗಳು ಪ್ರಧಾನವಾಗಿದ್ದು, ಬಟ್ಟೆಯ ತುಂಡುಗಳು, ಪದರಗಳು ಮತ್ತು ಕನ್ನಡಿಗಳಿಗೆ ಎಳೆಯಷ್ಟೇ ಮಹತ್ವವಿದೆ.

ಇತಿಹಾಸ

ರೈಲು ಮತ್ತು ಪಕ್ಕಾ ರಸ್ತೆಗಳು ಬರುವ ಮೊದಲು ಭಾರತದ ಒಳನಾಡಿನಲ್ಲಿ ಧಾನ್ಯ, ಉಪ್ಪು ಮೊದಲಾದ ಸರಕುಗಳ ಸಾಗಣೆಯ ದೊಡ್ಡ ಭಾಗ ಬಂಜಾರರ ಹೇರೆತ್ತುಗಳ ಮೂಲಕ ನಡೆಯುತ್ತಿತ್ತು. ಇಂಗ್ಲಿಷ್ ವ್ಯಾಪಾರಿ ಪೀಟರ್ ಮಂಡಿ 1632ರಲ್ಲಿ ಉತ್ತರ ಭಾರತದಲ್ಲಿ 14,000 ಎತ್ತುಗಳಿದ್ದ ಒಂದು ತಂಡವನ್ನು ಕಂಡು ಬರೆದಿದ್ದಾನೆ. ಹೆಂಡತಿ ಮಕ್ಕಳೆಲ್ಲರೂ ಎತ್ತುಗಳ ಜೊತೆಯಲ್ಲೇ ಸಾಗುತ್ತಿದ್ದುದನ್ನು ಅವನು ಗಮನಿಸಿದ್ದಾನೆ. ಅದೇ ಶತಮಾನದ ಫ್ರೆಂಚ್ ಪ್ರವಾಸಿ ಟಾವರ್ನಿಯೇ ಕೂಡ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲುಗಳನ್ನು ಕುರಿತು ಬರೆದಿದ್ದಾನೆ. ಯುದ್ಧಕಾಲದಲ್ಲಿ ಸೈನ್ಯಗಳಿಗೆ ಧಾನ್ಯ ಒದಗಿಸುವ ಹೊಣೆಯೂ ಇವರದಾಗಿತ್ತು. 1791–92ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧ ಶ್ರೀರಂಗಪಟ್ಟಣದ ಕಡೆಗೆ ನಡೆದ ಕಾರ್ನ್‌ವಾಲಿಸನ ಸೈನ್ಯವು ಆಹಾರಕ್ಕಾಗಿ ಬಂಜಾರರನ್ನು ಅವಲಂಬಿಸಿತ್ತು.

ಹೀಗೆ ಚಲಿಸುವ ತಂಡಕ್ಕೆ 'ತಾಂಡಾ' ಎಂಬ ಹೆಸರಿತ್ತು. ಇಂದು ಅದೇ ಪದವು ಲಂಬಾಣಿಗರು ನೆಲೆಸಿದ ಊರನ್ನು ಸೂಚಿಸುತ್ತದೆ. ಸಮುದಾಯವು ಸಂಚಾರದಿಂದ ನೆಲೆಗೆ ಬಂದ ಇತಿಹಾಸವು ಈ ಒಂದು ಪದದ ಅರ್ಥ ಬದಲಾವಣೆಯಲ್ಲಿ ಅಡಗಿದೆ.

ಮೈಸೂರು ಸಂಸ್ಥಾನದಲ್ಲಿ ಈ ಬದಲಾವಣೆ ನಡೆಯುತ್ತಿದ್ದ ಕಾಲದ ಚಿತ್ರವು ಬಿ. ಎಲ್. ರೈಸ್ ಅವರ 1897ರ ಮೈಸೂರು ಗೆಜೆಟಿಯರ್‌ನಲ್ಲಿ ಸಿಗುತ್ತದೆ. ಸುಲಭವಾಗಿ ಹೋಗಲಾಗದ ಬೆಟ್ಟ ಮತ್ತು ಕಾಡಿನ ಸೀಮೆಗಳಲ್ಲಿ ಲಂಬಾಣಿಗರು ದನಗಳ ಮೇಲೆ ಧಾನ್ಯ ಮತ್ತಿತರ ಉತ್ಪನ್ನಗಳನ್ನು ಸಾಗಿಸುತ್ತಿದ್ದರೆಂದೂ, ಕೆಲವರು ಕಾಫಿ ತೋಟಗಳ ಕೆಲಸಕ್ಕೆ ಸೇರಿದ್ದರೆಂದೂ, ಕೆಲವರು ಅಲೆದಾಟವನ್ನು ಭಾಗಶಃ ಬಿಟ್ಟು ತಾಂಡಾಗಳಲ್ಲಿ ನೆಲೆಸತೊಡಗಿದ್ದರೆಂದೂ ಅದರಿಂದ ತಿಳಿಯುತ್ತದೆ. ಇಂದಿನ ಸಕಲೇಶಪುರ ತಾಲ್ಲೂಕನ್ನು ಒಳಗೊಂಡ ಮಂಜರಾಬಾದ್ ಸೀಮೆಯು ಆ ಕಾಲದ ಪ್ರಮುಖ ಕಾಫಿ ಪ್ರದೇಶಗಳಲ್ಲಿ ಒಂದಾಗಿತ್ತು.

19ನೇ ಶತಮಾನದ ಉತ್ತರಾರ್ಧದಲ್ಲಿ ರೈಲು ಮಾರ್ಗಗಳು ಹರಡಿದಂತೆ ಹೇರೆತ್ತಿನ ವ್ಯಾಪಾರವು ಕುಸಿಯಿತು. ಉಪ್ಪಿನ ಮೇಲೆ ಸರ್ಕಾರದ ಹಿಡಿತವೂ ಇದಕ್ಕೆ ಕಾರಣವಾಯಿತು. 1871ರಲ್ಲಿ ಜಾರಿಗೆ ಬಂದು ಮುಂದೆ ಬೇರೆ ಬೇರೆ ಪ್ರಾಂತಗಳಿಗೆ ವಿಸ್ತರಿಸಿದ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಅನೇಕ ಸಂಚಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಶಂಕಿತರೆಂದು ಕಂಡಿತು. ಬಂಜಾರರೂ ಹಲವೆಡೆ ಇದಕ್ಕೆ ಗುರಿಯಾದರು. ಆ ಕಾಯ್ದೆಯು ಸ್ವಾತಂತ್ರ್ಯಾನಂತರ 1952ರಲ್ಲಿ ದೇಶದಾದ್ಯಂತ ರದ್ದಾಯಿತು. ಅಷ್ಟು ಹೊತ್ತಿಗೆ ಸಮುದಾಯದ ಬಹುಪಾಲು ಜನ ಬೇಸಾಯ ಮತ್ತು ಕೂಲಿಯನ್ನು ಅವಲಂಬಿಸಿದ್ದರು.

ಸಂಚಾರಕ್ಕೆ ಹೊಂದಿದ ಹೊಲಿಗೆ

ಲಂಬಾಣಿ ಕಸೂತಿಯ ತಂತ್ರಗಳು ಸಂಚಾರ ಜೀವನಕ್ಕೆ ಒಗ್ಗುವಂತಿವೆ. ಮಗ್ಗಕ್ಕೆ ನೆಟ್ಟಗಿನ ನೆಲೆ ಬೇಕು. ಬಟ್ಟೆಯನ್ನು ಬಿಗಿದು ಕೆಲಸ ಮಾಡುವ ಕಸೂತಿಗೆ ಚೌಕಟ್ಟು ಬೇಕು. ಲಂಬಾಣಿ ಹೊಲಿಗೆಗೆ ಸೂಜಿ, ದಾರ ಮತ್ತು ಅಂಗೈಯಲ್ಲಿ ಹಿಡಿಯಬಹುದಾದ ಬಟ್ಟೆ ಇವಿಷ್ಟೇ ಸಾಕು. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ರೂಢಿಯೂ ಇಲ್ಲ. ಬಟ್ಟೆಯ ಹಾಸು ಮತ್ತು ಹೊಕ್ಕುಗಳ ಎಳೆಯನ್ನು ಎಣಿಸುತ್ತ ವಿನ್ಯಾಸವನ್ನು ಮೂಡಿಸುತ್ತಾರೆ. ಆದ್ದರಿಂದ ಕೆಲಸವನ್ನು ಯಾವ ಹಂತದಲ್ಲಿ ಬೇಕಾದರೂ ನಿಲ್ಲಿಸಿ, ಮಡಿಸಿ ಚೀಲಕ್ಕೆ ಹಾಕಿ, ಮುಂದಿನ ಬಿಡಾರದಲ್ಲಿ ಮುಂದುವರಿಸಬಹುದು.

ದೊಡ್ಡ ವಸ್ತುವನ್ನು ಸಣ್ಣ ಸಣ್ಣ ತುಂಡುಗಳಾಗಿ ಹೊಲಿದು ಕೊನೆಗೆ ಜೋಡಿಸುವುದು ಈ ಕಲೆಯ ಇನ್ನೊಂದು ಲಕ್ಷಣ. ಒಂದು ರವಿಕೆಯ ಎದೆಪಟ್ಟಿ, ತೋಳು, ಅಂಚುಗಳನ್ನು ಬೇರೆ ಬೇರೆಯಾಗಿ ಸಿದ್ಧಪಡಿಸುತ್ತಾರೆ. ಹಳೆಯ ಉಡುಪು ಜೀರ್ಣವಾದರೂ ಅದರ ಕಸೂತಿಯ ಭಾಗವನ್ನು ಬಿಡಿಸಿ ಹೊಸ ಬಟ್ಟೆಗೆ ಸೇರಿಸಬಹುದು. ಸಾಮಾನು ಕಡಿಮೆ ಇರಬೇಕಾದ ಬದುಕಿನಲ್ಲಿ ಚಿಂದಿಯೂ ವ್ಯರ್ಥವಾಗದಂತೆ ನೋಡಿಕೊಳ್ಳುವ ಕ್ರಮವಿದು. ಒತ್ತೊತ್ತಾದ ಹೊಲಿಗೆಯು ಅಲಂಕಾರದ ಜೊತೆಗೆ ಬಟ್ಟೆಗೆ ಬಲವನ್ನೂ ಕೊಡುತ್ತದೆ. ಹೇರು, ಹಗ್ಗ, ದೂಳು, ಮಳೆಗಳ ನಡುವೆ ಬಳಕೆಯಾಗುವ ಚೀಲಗಳಿಗೆ ಈ ಬಲ ಅಗತ್ಯವಾಗಿತ್ತು.

ಜಾಗದ ಕೊರತೆಯು ಹೊಲಿಗೆಯ ಸ್ವರೂಪವನ್ನು ನಿರ್ಧರಿಸುವುದನ್ನು ಬೇರೆಡೆಯೂ ಕಾಣಬಹುದು. ಮನೆಯಂತೆ ಸಜ್ಜುಗೊಳಿಸಿದ ವಾಹನಗಳಲ್ಲಿ ತಿಂಗಳುಗಟ್ಟಲೆ ಪ್ರವಾಸ ಮಾಡುವ ಅಮೆರಿಕ, ಯುರೋಪುಗಳ ಕೌದಿ ಹೊಲಿಗೆಯ ಹವ್ಯಾಸಿಗಳಲ್ಲಿ ಹಲವರು ಸಣ್ಣ ಷಟ್ಕೋನ ತುಂಡುಗಳನ್ನು ಕಾಗದದ ಅಚ್ಚಿನ ಮೇಲೆ ಮಡಿಸಿ ಕೈಯಲ್ಲಿ ಜೋಡಿಸುವ ವಿಧಾನವನ್ನು ಪ್ರಯಾಣಕ್ಕೆ ಆರಿಸಿಕೊಳ್ಳುತ್ತಾರೆ. ಅಲ್ಲಿ ಅದು ಬಿಡುವಿನ ಹವ್ಯಾಸ. ಲಂಬಾಣಿ ಮಹಿಳೆಯರಿಗೆ ಅದು ಉಡುಗೆ, ಹೊದಿಕೆ ಮತ್ತು ಚೀಲಗಳನ್ನು ಒದಗಿಸುತ್ತಿದ್ದ ನಿತ್ಯದ ಕೆಲಸವಾಗಿತ್ತು.

ಸಾಮಗ್ರಿ ಮತ್ತು ಹೊಲಿಗೆಗಳು

ಒರಟಾದ ಹತ್ತಿಯ ಬಟ್ಟೆಯು ಮೂಲ ಸಾಮಗ್ರಿ. ಕೆಂಪು ಮತ್ತು ನೀಲಿ ಬಣ್ಣಗಳು ಹಳೆಯ ಕೆಲಸಗಳಲ್ಲಿ ಹೆಚ್ಚಾಗಿ ಕಾಣುತ್ತವೆ. ಹಳದಿ, ಹಸಿರು, ಬಿಳಿ, ಕಿತ್ತಳೆ ಬಣ್ಣದ ಎಳೆಗಳಿಂದ ಇವುಗಳ ಮೇಲೆ ಹೊಲಿಯುತ್ತಾರೆ. ಕನ್ನಡಿ, ಕವಡೆ, ಮಣಿ, ನಾಣ್ಯ, ಬಿಳಿ ಲೋಹದ ಗುಂಡಿ ಮತ್ತು ಉಣ್ಣೆಯ ಗೊಂಡೆಗಳನ್ನು ಅಲಂಕಾರಕ್ಕೆ ಬಳಸುತ್ತಾರೆ.

ಸಂಡೂರಿನ ಕೆಲಸದಲ್ಲಿ ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಗುರುತಿಸಲಾಗಿದೆ: ಕಿಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕಾನ್ಸ್, ತೇರಾ ದೋರಾ, ಕೌದಿ, ರೇಲೋ, ಗದ್ರಿ, ಭೂರಿಯಾ, ಪೋಟೆ, ಜೋಲ್ಯಾ ಮತ್ತು ನಾಕ್ರಾ.

ಕನ್ನಡಿಯನ್ನು ಕೂರಿಸಲು ಅಂಟನ್ನು ಬಳಸುವುದಿಲ್ಲ. ಕನ್ನಡಿಗೆ ರಂಧ್ರವನ್ನೂ ಕೊರೆಯುವುದಿಲ್ಲ. ಮೊದಲು ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಎಳೆಗಳನ್ನು ಹಾಯಿಸಿ ಒಂದು ಬಲೆಯನ್ನು ಮಾಡಿಕೊಳ್ಳುತ್ತಾರೆ. ಬಳಿಕ ಆ ಎಳೆಗಳನ್ನು ಹಿಡಿದು ಸುತ್ತಲೂ ಹೊಲಿಯುತ್ತ ಅವುಗಳನ್ನು ಅಂಚಿನತ್ತ ಎಳೆಯುತ್ತಾರೆ. ಹೀಗೆ ಕನ್ನಡಿಯು ದಾರದ ಬಳೆಯೊಳಗೆ ಭದ್ರವಾಗಿ ನಿಲ್ಲುತ್ತದೆ.

ಉಡುಪು ಮತ್ತು ಇತರ ವಸ್ತುಗಳು

ಲಂಬಾಣಿ ಮಹಿಳೆಯರ ಸಾಂಪ್ರದಾಯಿಕ ಉಡುಪಿನಲ್ಲಿ ಫೇಟಿಯಾ ಎಂಬ ನೆರಿಗೆಯ ಲಂಗ, ಕಾಂಚಳಿ ಎಂಬ ರವಿಕೆ ಹಾಗೂ ತಲೆಯ ಮೇಲಿನಿಂದ ಇಳಿಬಿಡುವ ಹೊದಿಕೆ ಮುಖ್ಯವಾದವು. ಕಾಂಚಳಿಯ ಬೆನ್ನು ತೆರೆದಿದ್ದು, ಅದನ್ನು ಲಾಡಿಗಳಿಂದ ಕಟ್ಟಿಕೊಳ್ಳುತ್ತಾರೆ. ಎದೆಯ ಭಾಗದಲ್ಲಿ ಕನ್ನಡಿ ಮತ್ತು ಕಸೂತಿ ದಟ್ಟವಾಗಿರುತ್ತವೆ.

ಉಡುಪಿನ ಹೊರತಾಗಿ ಕೋಥಳಿ ಎಂಬ ಚೀಲ, ಎಲೆ ಅಡಿಕೆಯ ಸಂಚಿ, ಬಿಂದಿಗೆ ಹೊರಲು ತಲೆಯ ಮೇಲಿಡುವ ಸಿಂಬಿ, ಕೌದಿ ಮುಂತಾದವುಗಳನ್ನು ಹೊಲಿಯುತ್ತಾರೆ. ಸಾಗಣೆಯ ಕಾಲದಲ್ಲಿ ತಂಡದ ಮುಂದೆ ನಡೆಯುವ ಎತ್ತನ್ನು ಬಣ್ಣದ ಬಟ್ಟೆ, ಕವಡೆ ಮತ್ತು ಗಂಟೆಗಳಿಂದ ಸಿಂಗರಿಸುವ ರೂಢಿಯಿತ್ತು. ಮದುವೆಯ ಸಂದರ್ಭದಲ್ಲಿ ಕಸೂತಿಯ ವಸ್ತುಗಳಿಗೆ ವಿಶೇಷ ಸ್ಥಾನವಿದೆ.

ಕೌದಿ ಮತ್ತು ಸಂಬಂಧಿತ ಕಲೆಗಳು

ಲಂಬಾಣಿ ಹೊಲಿಗೆಗಳಲ್ಲಿ ಒಂದರ ಹೆಸರೇ ಕೌದಿ. ಸೂಜಿಯು ಎಲ್ಲ ಪದರಗಳ ಮೂಲಕ ಸಮ ಅಂತರದಲ್ಲಿ ಮೇಲೆ ಕೆಳಗೆ ಹಾದುಹೋಗುವ ಈ ಹೊಲಿಗೆಯು ಕರ್ನಾಟಕದ ಹಲವು ಸಮುದಾಯಗಳಲ್ಲಿ ಬಳಕೆಯಲ್ಲಿದೆ. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆ ಮತ್ತು ಧೋತರಗಳನ್ನು ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಕೌದಿಯನ್ನು ಹೊಲಿಯುತ್ತಾರೆ. ಮನೆಯ ಹೆಂಗಸರು ಹೊಲಿಯುವುದಲ್ಲದೆ, ಗೊಂದಲಿಗ ಮೊದಲಾದ ಅಲೆಮಾರಿ ಸಮುದಾಯಗಳ ಮಹಿಳೆಯರು ಊರೂರಿಗೆ ಬಂದು, ಮನೆಯವರು ಕೊಟ್ಟ ಹಳೆಯ ಬಟ್ಟೆಯಲ್ಲಿ ಕೌದಿ ಹೊಲಿದುಕೊಡುವ ಪದ್ಧತಿಯೂ ಇದೆ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗೆ 'ಕವಂದ' ಎಂಬ ಹೆಸರಿದೆ. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತ ಮಧ್ಯದ ಕಡೆಗೆ ಬರುತ್ತಾರೆ. ಕೊನೆಯಲ್ಲಿ ನಾಲ್ಕು ಮೂಲೆಗಳಿಗೆ 'ಫುಲಾ' ಎಂಬ, ಮಡಿಸಿದ ಬಟ್ಟೆಯ ಹೂಗಳನ್ನು ಸೇರಿಸುತ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಇವುಗಳ ಬಗ್ಗೆ ಅಧ್ಯಯನ ನಡೆಸಿದ್ದಾರೆ. ಸಿದ್ದಿ ಕೌದಿಗಳು ನ್ಯೂಯಾರ್ಕ್‌ನಲ್ಲಿಯೂ ಪ್ರದರ್ಶನಗೊಂಡಿವೆ.

ನೆಲೆ ನಿಂತ ನಂತರ

ತಾಂಡಾಗಳಲ್ಲಿ ನೆಲೆಸಿದ ಬಳಿಕ ಕಸೂತಿಯ ಉಡುಪು ನಿತ್ಯ ಬಳಕೆಯಿಂದ ಕ್ರಮೇಣ ಹಿಂದೆ ಸರಿಯಿತು. ಕಿರಿಯ ತಲೆಮಾರಿನವರು ಸೀರೆ ಮತ್ತಿತರ ಉಡುಪುಗಳನ್ನು ರೂಢಿಸಿಕೊಂಡರು. ಹಬ್ಬ, ಮದುವೆ ಮತ್ತು ಸಾಂಸ್ಕೃತಿಕ ಕಾರ್ಯಕ್ರಮಗಳಲ್ಲಿ ಹಳೆಯ ಉಡುಪು ಉಳಿಯಿತು. ಇನ್ನೊಂದೆಡೆ, ಮನೆಮಂದಿಗಾಗಿ ಹೊಲಿಯುತ್ತಿದ್ದ ಕಲೆಯು ಮಾರಾಟಕ್ಕಾಗಿ ಹೊಲಿಯುವ ಕಸುಬಾಗಿ ರೂಪಾಂತರಗೊಂಡಿತು. ಇಂದು ದಿಂಬಿನ ಗವಸು, ಕೈಚೀಲ, ಗೋಡೆಯ ತೂಗುಬಟ್ಟೆ, ಕುರ್ತಾ, ದುಪಟ್ಟಾಗಳ ಮೇಲೂ ಲಂಬಾಣಿ ಕಸೂತಿಯನ್ನು ಕಾಣಬಹುದು.

ಸಂಡೂರು ಕುಶಲ ಕಲಾ ಕೇಂದ್ರವು 1980ರ ದಶಕದಿಂದ ಸುತ್ತಲಿನ ತಾಂಡಾಗಳ ಮಹಿಳೆಯರಿಗೆ ತರಬೇತಿ, ಕಚ್ಚಾ ಸಾಮಗ್ರಿ ಮತ್ತು ಮಾರುಕಟ್ಟೆಯನ್ನು ಒದಗಿಸುತ್ತಿದೆ. ವಿಜಯಪುರದ ಸಬಲಾ ಸಂಸ್ಥೆಯೂ ಲಂಬಾಣಿ ಮಹಿಳೆಯರ ಕಸೂತಿಗೆ ಮಾರುಕಟ್ಟೆಯನ್ನು ಕಲ್ಪಿಸಿದೆ. ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಸಿತ್ತಿಲಿಂಗಿ ಕಣಿವೆಯಲ್ಲಿ ಈ ಹೊಲಿಗೆಯು ಬಹುತೇಕ ಮರೆತುಹೋಗಿ ಬೆರಳೆಣಿಕೆಯ ಹಿರಿಯ ಮಹಿಳೆಯರ ನೆನಪಿನಲ್ಲಷ್ಟೇ ಉಳಿದಿತ್ತು. ಅವರಿಂದ ಕಿರಿಯರು ಕಲಿತು ಕಟ್ಟಿದ ಸಂಸ್ಥೆಗೆ 'ಪೋರ್ಗೈ' ಎಂದು ಹೆಸರಿಡಲಾಯಿತು. ಲಂಬಾಡಿ ನುಡಿಯಲ್ಲಿ ಇದಕ್ಕೆ ಹೆಮ್ಮೆ ಎಂಬ ಅರ್ಥವಿದೆ.

2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಕಾರ್ಯತಂಡದ ಸಭೆಯ ಸಂದರ್ಭದಲ್ಲಿ ಲಂಬಾಣಿ ಕಸೂತಿಯ 1,755 ವಸ್ತುಗಳನ್ನು ಪ್ರದರ್ಶಿಸಲಾಯಿತು. ಸಂಡೂರು ಕುಶಲ ಕಲಾ ಕೇಂದ್ರದೊಂದಿಗೆ ಕೆಲಸ ಮಾಡುವ 450ಕ್ಕೂ ಹೆಚ್ಚು ಮಹಿಳೆಯರು ಇವುಗಳನ್ನು ಸಿದ್ಧಪಡಿಸಿದ್ದರು. ಇದು ಲಂಬಾಣಿ ವಸ್ತುಗಳ ಅತಿ ದೊಡ್ಡ ಪ್ರದರ್ಶನವೆಂದು ಗಿನ್ನೆಸ್ ವಿಶ್ವ ದಾಖಲೆಗೆ ಸೇರಿತು.

ಸವಾಲುಗಳು

ಜಿಐ ಮಾನ್ಯತೆಯು ಹೆಸರಿನ ದುರ್ಬಳಕೆಯನ್ನು ತಡೆಯಲು ಕಾನೂನಿನ ಆಧಾರವನ್ನು ಒದಗಿಸುತ್ತದೆ. ಆದರೆ ಯಂತ್ರದಿಂದ ಹೊಲಿದ, ನೋಟಕ್ಕೆ ಹತ್ತಿರವಾದ ಅಗ್ಗದ ಬಟ್ಟೆಗಳು ಮಾರುಕಟ್ಟೆಯಲ್ಲಿ ಸ್ಪರ್ಧೆ ಒಡ್ಡುತ್ತವೆ. ಕೈಹೊಲಿಗೆಗೆ ತಗಲುವ ಸಮಯವು ಕೊಳ್ಳುವವರಿಗೆ ಕಾಣುವುದಿಲ್ಲವಾದ್ದರಿಂದ ಅದಕ್ಕೆ ತಕ್ಕ ಬೆಲೆ ಸಿಗುವುದು ಕಷ್ಟ. ಬಟ್ಟೆಯ ಹಿಂಬದಿಯನ್ನು ನೋಡುವುದು ಕೈಕೆಲಸವನ್ನು ಗುರುತಿಸುವ ಒಂದು ಸರಳ ವಿಧಾನ: ಯಂತ್ರದ ಹೊಲಿಗೆಯಲ್ಲಿ ಹಿಂಬದಿಗೆ ಬೇರೊಂದು ದಾರವಿದ್ದು ಅಂತರ ಒಂದೇ ಸಮನಾಗಿರುತ್ತದೆ, ಕೈಹೊಲಿಗೆಯಲ್ಲಿ ಒಂದೇ ದಾರವು ಎರಡೂ ಬದಿಯಲ್ಲಿ ಓಡಾಡಿದ ಜಾಡು ಮತ್ತು ಸಣ್ಣ ಏರುಪೇರುಗಳು ಕಾಣುತ್ತವೆ.

ಹಳೆಯ ಉಡುಪುಗಳ ಮಾರಾಟವು ಇನ್ನೊಂದು ಸಮಸ್ಯೆ. ಪ್ರವಾಸಿ ಕೇಂದ್ರಗಳಲ್ಲಿ ಹಳೆಯ ಕಾಂಚಳಿ, ಫೇಟಿಯಾಗಳನ್ನು ಕತ್ತರಿಸಿ, ಚೀಲ ಹಾಗೂ ತೂಗುಬಟ್ಟೆಗಳಾಗಿ ಮಾರುವುದುಂಟು. ಲಿಪಿಯಿಲ್ಲದ ನುಡಿಯ ಸಮುದಾಯದಲ್ಲಿ ಹೊಲಿಗೆಯ ಮಾದರಿಗಳನ್ನು ಬರೆದಿಟ್ಟ ಪುಸ್ತಕಗಳ ಪರಂಪರೆ ಇರಲಿಲ್ಲ. ತಾಯಿ ಹೊಲಿದ ಉಡುಪೇ ಮಗಳಿಗೆ ಮಾದರಿಯಾಗಿತ್ತು. ಅಂತಹ ಉಡುಪು ಮನೆಯಿಂದ ಹೊರಗೆ ಹೋದಾಗ ಅದರಲ್ಲಿದ್ದ ಮಾದರಿಯೂ ಮನೆಯಿಂದ ಹೋಗುತ್ತದೆ. ಆದ್ದರಿಂದ ಹೊಸ ವಸ್ತುಗಳ ಮಾರಾಟಕ್ಕೆ ದೊರೆಯುವ ಪ್ರೋತ್ಸಾಹದಷ್ಟೇ, ಹಳೆಯ ಉಡುಪುಗಳನ್ನು ತಾಂಡಾಗಳಲ್ಲಿ ಮತ್ತು ವಸ್ತುಸಂಗ್ರಹಾಲಯಗಳಲ್ಲಿ ಉಳಿಸಿಕೊಳ್ಳುವುದೂ ಈ ಕಲೆಯ ಮುಂದುವರಿಕೆಗೆ ಅಗತ್ಯವಾಗಿದೆ.